‘ಬೇವೂರು’ ಬಿಡಿಸಿ ತೋರಿಸಿ

ಯಾವುದೇ ಎನ್‌ಕೋಡ್-ಡಿಕೋಡ್ ಸೈಟನ್ನು ಮೊದಲ ಸಲ ತೆರೆದಾಗ ಅದರ ಖಾಲಿ ಚೌಕದೊಳಗೆ ನಾನು ಬರೆಯೋದು ನನ್ನೂರಿನ ಹೆಸರು. ಬೇವೂರು. ಕೊಪ್ಪಳ ಜಿಲ್ಲೆ, ಯಲಬುರ್ಗಾ ತಾಲ್ಲೂಕು. ಊರಿನ ಮೇಲಿನ ಪ್ರೀತಿ ಒಂದು ಕಾರಣ, ಇಲ್ಲ ಅನ್ನಲ್ಲ. ಇನ್ನೊಂದು ಕಾರಣ ಏನಂದ್ರೆ, ಈ ಪುಟ್ಟ ಹೆಸರು ಬಹಳ ಕಟ್ಟುನಿಟ್ಟಿನ ಪರೀಕ್ಷಕ. ಬೆಂಗಳೂರಿನ ಹೆಸರು ಹಿಡಿಯದ ತಪ್ಪನ್ನೂ ಅದು ಹಿಡಿಯುತ್ತದೆ. ಹೇಗೆ ಅಂತ ಆಮೇಲೆ ಹೇಳ್ತೀನಿ.

ಮೊದಲು ಲೆಕ್ಕ ನೋಡಿ. ಕಣ್ಣಿಗೆ ಕಾಣೋದು ಮೂರು ಅಕ್ಷರ: ಬೇ, ವೂ, ರು. ಯೂನಿಕೋಡ್ ಲೆಕ್ಕದಲ್ಲಿ ಆರು ಸಂಕೇತಗಳು, ಅಂದರೆ ಮೂರು ವ್ಯಂಜನ ಮತ್ತು ಮೂರು ಸ್ವರಚಿಹ್ನೆ. ಅದನ್ನೇ ಯುಟಿಎಫ್-8ರಲ್ಲಿ ಉಳಿಸಿದರೆ 18 ಬೈಟ್. ಬೇಸ್64ಕ್ಕೆ ಹಾಕಿದರೆ 24 ಇಂಗ್ಲಿಷ್ ಅಕ್ಷರ. ಜೇಸನ್‌ನ ಹಳೇ ಮಡಿವಂತ ಶೈಲಿಯಲ್ಲಿ, ಪ್ರತಿ ಸಂಕೇತವನ್ನೂ ಓರೆಗೆರೆ, ‘ಯು’ ಮತ್ತು ನಾಲ್ಕು ಅಂಕಿಯಾಗಿ ಬರೆದರೆ 36. ಬ್ರೌಸರಿನ ವಿಳಾಸಪಟ್ಟಿಗೆ ಹೊಂದುವಂತೆ ಶೇಕಡಾ ಚಿಹ್ನೆ ಸೇರಿಸಿ ಬರೆದರೆ 54. ಒಂದೇ ಊರು, ಐದು ವೇಷ. ಈ ವೇಷ ಹಾಕೋದು, ಬಿಚ್ಚೋದು, ಇದನ್ನು ಪುಕ್ಕಟೆಯಾಗಿ ಮಾಡಿಕೊಡೋ ಸೈಟುಗಳೇ ಇವತ್ತಿನ ನನ್ನ ವಿಷಯ.

ಸಾಫ್ಟ್‌ವೇರ್ ಕೆಲಸದಲ್ಲಿ ಇಲ್ಲದವರಿಗೆ ಒಂದು ಮಾತು. ‘ಸೀರಿಯಲೈಸೇಷನ್’ ಅನ್ನೋ ದೊಡ್ಡ ಪದಕ್ಕೆ ನಮ್ಮಲ್ಲಿ ಸುಲಭವಾದ ಮಾತಿದೆ: ಪೋಣಿಸೋದು. ಕಂಪ್ಯೂಟರಿನ ನೆನಪಿನಲ್ಲಿ ಅಲ್ಲೊಂದು ಇಲ್ಲೊಂದು ಬಿದ್ದಿರೋ ಮಾಹಿತಿಯನ್ನು ಒಂದು ದಾರಕ್ಕೆ ಸಾಲಾಗಿ ಪೋಣಿಸಿ ಕಳಿಸೋದು. ಆ ಕಡೆ ಇರೋರು ಅದನ್ನು ಬಿಡಿಸಿಕೊಳ್ಳೋದು. ಪೋಣಿಸೋ ಪದ್ಧತಿಗಳು ಹಲವು. ಜೇಸನ್, ಎಕ್ಸ್‌ಎಂಎಲ್, ಯಾಮಲ್ ಮನುಷ್ಯರೂ ಓದಬಹುದಾದ ಬಗೆಯವು. ಮೆಸೇಜ್‌ಪ್ಯಾಕ್, ಪ್ರೋಟೋಬಫ್ ಯಂತ್ರಕ್ಕೆ ಮಾತ್ರ ಹಿತವಾದ, ಒತ್ತಿ ತುಂಬಿದ ಬಗೆಯವು. ನೀವು ಫೋನಿನಲ್ಲಿ ದೋಸೆ ಆರ್ಡರ್ ಮಾಡಿದಾಗ, ಬಸ್ ಟಿಕೆಟ್ ತೆಗೆದಾಗ, ದುಡ್ಡು ಕಳಿಸಿದಾಗ ಒಳಗೊಳಗೆ ಇಂಥದ್ದೇ ಯಾವುದೋ ಸರ ಆ ಕಡೆಯಿಂದ ಈ ಕಡೆಗೆ ಓಡಾಡಿರುತ್ತದೆ. ಎಲ್ಲೋ ಒಂದು ಮಣಿ ಜಾರಿದಾಗ ನನ್ನಂಥವರನ್ನು ಎಬ್ಬಿಸ್ತಾರೆ. ನಾವು ಆ ಸರವನ್ನು ಕಾಪಿ ಮಾಡಿ, ಗೂಗಲ್ಲಿನಲ್ಲಿ ಮೊದಲು ಸಿಕ್ಕಿದ ಡಿಕೋಡ್ ಸೈಟಿಗೆ ಹೋಗಿ ಸುರೀತೀವಿ.

ಈ ಸೈಟುಗಳನ್ನು ಬೈಯೋದು ಸುಲಭ, ಆದರೆ ನಾನು ಅವುಗಳ ಅಭಿಮಾನಿಯೂ ಹೌದು. ಲಾಗಿನ್ ಇಲ್ಲ, ಇನ್‌ಸ್ಟಾಲ್ ಇಲ್ಲ. ಎಡಗಡೆ ಸುರಿ, ಬಲಗಡೆ ತಗೋ. ರಾತ್ರಿ ಎರಡಕ್ಕೆ ಪ್ರೊಡಕ್ಷನ್ ಬಿದ್ದಾಗ ಇದಕ್ಕಿಂತ ಹತ್ತಿರದ ನೆಂಟ ಯಾರೂ ಇರಲ್ಲ. ಊರಿನಿಂದ ಬಂದು ಈಗಷ್ಟೇ ಕೋಡಿಂಗ್ ಕಲಿಯೋ ಹುಡುಗ-ಹುಡುಗಿಯರಿಗೆ, ಮೇಷ್ಟ್ರು ಹೇಳಿಕೊಡದ್ದನ್ನು ಇಂಥ ಚೌಕಗಳೇ ಕಣ್ಣಮುಂದೆ ಬಿಡಿಸಿ ತೋರಿಸಿವೆ. ಹಾಗಾಗಿಯೇ ಇವನ್ನು ಒಂದು ಪುಸ್ತಕವನ್ನೋ ಸಿನಿಮಾವನ್ನೋ ನೋಡೋ ಹಾಗೆ ವಿಮರ್ಶೆಗೆ ಒಡ್ಡಬೇಕು ಅನ್ನಿಸುತ್ತದೆ. ನನ್ನ ಪ್ರಶ್ನೆ ಮೂರು. ಕೊಟ್ಟಿದ್ದನ್ನು ಕೊಟ್ಟ ಹಾಗೇ ಬಿಡಿಸುತ್ತದಾ? ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತದಾ? ಮತ್ತು ಈ ಬಿಡಿಸೋ ಕೆಲಸ ನಡೆಯೋದು ಎಲ್ಲಿ?

ಮೊದಲನೇ ಪ್ರಶ್ನೆ. ಬೇವೂರನ್ನು ಬೇಸ್64ಕ್ಕೆ ಹಾಕಿ, ಅದೇ ಸೈಟಿನಲ್ಲಿ ವಾಪಸ್ ಬಿಡಿಸಿ ನೋಡಿ. ನಾನು ನೋಡಿದ ಸೈಟುಗಳಲ್ಲಿ ಕೆಲವು ಹಾಕೋಕೇ ಬಿಡಲ್ಲ, ಕೆಂಪು ಅಕ್ಷರದಲ್ಲಿ ದೋಷ ಅಂತ ತೋರಿಸುತ್ತವೆ. ಬ್ರೌಸರಿನೊಳಗೆ ಹುಟ್ಟಿನಿಂದ ಬಂದಿರೋ ಬೇಸ್64 ಸೌಲಭ್ಯ ಯುರೋಪಿನ 256 ಅಕ್ಷರಗಳ ಆಚೆ ಏನನ್ನೂ ಮುಟ್ಟಲ್ಲ; ಅದರ ಮೇಲೆ ಎರಡು ಸಾಲು ಹೆಚ್ಚಿಗೆ ಬರೆದರೆ ಸರಿಹೋಗುತ್ತದೆ, ಆ ಎರಡು ಸಾಲು ಬರೆದಿರಲ್ಲ ಅಷ್ಟೇ. ಇನ್ನು ಕೆಲವು ಸೈಟುಗಳು ಬಿಡಿಸುತ್ತವೆ, ಆದರೆ ಬೇವೂರಿನ ಬದಲು ಫ್ರೆಂಚ್ ಪಿಶಾಚಿಯಂಥದ್ದೇನೋ ಬರುತ್ತದೆ. ತಲೆ ಮೇಲೆ ಓರೆಗೆರೆ ಇಟ್ಟುಕೊಂಡ ಇಂಗ್ಲಿಷ್ ‘ಎ’, ಅದರ ಪಕ್ಕ ಮೇಲಂಚಿನಲ್ಲಿ ಪುಟ್ಟ 2 ಅಥವಾ 3, ಆಮೇಲೆ ಇನ್ನೇನೋ ಒಂದು ಗುರುತು. ನೀವೂ ಬ್ಯಾಂಕಿನ ಮೆಸೇಜಿನಲ್ಲೋ ಹಳೇ ಈಮೇಲಿನಲ್ಲೋ ಇದನ್ನು ನೋಡಿರ್ತೀರಿ. ಇದರ ಗುಟ್ಟು ಸರಳ: ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್. ಮೊದಲನೆಯದು ಯಾವಾಗಲೂ ಒಂದೇ, ಎರಡನೆಯದಕ್ಕೆ ಇರೋದು ಎರಡೇ ಆಯ್ಕೆ. ಆ ಮೊದಲ ಬೈಟನ್ನು ಯುರೋಪಿನ ಕನ್ನಡಕದಲ್ಲಿ ನೋಡಿದರೆ ಓರೆಗೆರೆಯ ಎ, ಎರಡನೆಯದನ್ನು ನೋಡಿದರೆ ಮೇಲಂಚಿನ 2 ಅಥವಾ 3. ಹಾಗಾಗಿ ಮುಂದೆ ಯಾವಾಗಲಾದರೂ ಈ ಜೋಡಿ ಸಾಲುಸಾಲಾಗಿ ಕಂಡರೆ, ಅದರ ಹಿಂದೆ ಕನ್ನಡ ಬಚ್ಚಿಟ್ಟುಕೊಂಡಿದೆ ಅಂತ ಧೈರ್ಯವಾಗಿ ಹೇಳಿ. ಮಾಹಿತಿ ಕೆಟ್ಟಿಲ್ಲ. ಓದಿದವರು ತಪ್ಪು ಕನ್ನಡಕ ಹಾಕಿದ್ದಾರೆ.

ಪ್ರೋಟೋಬಫ್ ಬಿಡಿಸೋ ಕಡೆ ಹೋದರೆ ಬೇವೂರಿಗೆ ಇನ್ನೊಂದು ವೇಷ. ಗೂಗಲ್ ಕಂಪನಿ 2008ರಲ್ಲಿ ಮುಕ್ತವಾಗಿ ಕೊಟ್ಟ ಪ್ರೋಟೋಬಫಿನ ಜೊತೆಗೇ ಬರೋ ಸಲಕರಣೆಯಲ್ಲಿ, ಯಾವ ನಕ್ಷೆಯೂ ಇಲ್ಲದೆ ಕಚ್ಚಾ ಬಿಡಿಸೋ ಆಯ್ಕೆ ಇದೆ. ಅಲ್ಲಿ ನಮ್ಮೂರು ಬರೋದು ಓರೆಗೆರೆಯ ಹಿಂದೆ ಮೂರು ಮೂರು ಅಂಕಿಗಳ ಸಾಲಾಗಿ, 340, 262, 254 ಹೀಗೆ. ಒಟ್ಟು 72 ಗುರುತು. ತಪ್ಪಿಲ್ಲ, ಬೈಟ್ ಬೈಟಿಗೂ ಸರಿಯಾಗಿದೆ. ಆದರೆ ಇಂಗ್ಲಿಷ್ ಹೆಸರು ಹಾಗೇ ಇಂಗ್ಲಿಷಾಗಿ ಕಾಣುತ್ತದೆ, ಕನ್ನಡದ ಹೆಸರು ಕೈದಿಯ ನಂಬರಾಗುತ್ತದೆ. ಇದನ್ನೇ ಬೆನ್ನಿಗಿಟ್ಟುಕೊಂಡು ಸೈಟು ಕಟ್ಟಿದವರು, ಆ 72 ಗುರುತನ್ನು ತಿರುಗಿ ಮೂರಕ್ಷರ ಮಾಡೋ ಕಷ್ಟ ತಗೊಂಡಿದ್ದಾರಾ ಅನ್ನೋದರಲ್ಲೇ ಅವರ ಮನಸ್ಸಿನಲ್ಲಿ ಬಳಕೆದಾರ ಅಂದ್ರೆ ಯಾರು ಅನ್ನೋದು ಗೊತ್ತಾಗುತ್ತದೆ.

ಇನ್ನೂ ಸೂಕ್ಷ್ಮವಾದ ತಪ್ಪೊಂದಿದೆ. ಬೆಂಗಳೂರು ಪಾಸಾಗಿ ಬೇವೂರು ಫೇಲಾಗೋದು ಇಲ್ಲೇ. ಯೂನಿಕೋಡಿನಲ್ಲಿ ‘ಬೇ’ ಅಕ್ಷರದ ಏತ್ವವನ್ನು ಎರಡು ರೀತಿ ಬರೆಯಬಹುದು: ಇಡಿಯಾಗಿ ಒಂದೇ ಸಂಕೇತವಾಗಿ, ಅಥವಾ ಎತ್ವ ಒಂದು ಮತ್ತು ದೀರ್ಘದ ಗುರುತು ಒಂದು ಅಂತ ಒಡೆದು. ಎರಡೂ ಸಮ ಅಂತ ಯೂನಿಕೋಡೇ ಹೇಳುತ್ತದೆ. ಪರದೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲ್ಲ. ಆದರೆ ಮೊದಲನೇ ಬೇವೂರು 18 ಬೈಟ್, ಎರಡನೇ ಬೇವೂರು 21 ಬೈಟ್. ಕಂಪ್ಯೂಟರಿಗೆ ಬೈಟುಗಳನ್ನಷ್ಟೇ ಹೋಲಿಸು ಅಂದ್ರೆ ಅದು ಇವೆರಡೂ ಬೇರೆ ಬೇರೆ ಊರು ಅನ್ನುತ್ತದೆ. ಒಡೆದ ರೂಪ ಎಲ್ಲಿಂದ ಬರುತ್ತದೆ ಅಂತೀರಾ? ಮ್ಯಾಕ್ ಕಂಪ್ಯೂಟರಿನ ಹಳೇ ಫೈಲ್ ವ್ಯವಸ್ಥೆ ಫೈಲುಗಳ ಹೆಸರನ್ನು ಹೀಗೆ ಒಡೆದೇ ಇಡುತ್ತಿತ್ತು. ‘ಬೆಂಗಳೂರು’ ಅನ್ನೋ ಪದದಲ್ಲಿ ಒಡೆಯಬಹುದಾದ ಚಿಹ್ನೆಯೇ ಇಲ್ಲ. ‘ಕೊಪ್ಪಳ’ದಲ್ಲಿ ಇದೆ, ‘ಮೈಸೂರು’ನಲ್ಲೂ ಇದೆ. ನೀವು ಕನ್ನಡ ಸಪೋರ್ಟ್ ಟೆಸ್ಟ್ ಮಾಡಿದ್ದೀನಿ ಅಂತ ‘ಬೆಂಗಳೂರು’ ಒಂದನ್ನೇ ಟೈಪ್ ಮಾಡಿ ಮುಗಿಸಿದ್ದರೆ, ನಿಮ್ಮ ಟೆಸ್ಟು ರಾಜಧಾನಿಯಿಂದ ಆಚೆ ಕಾಲಿಟ್ಟಿಲ್ಲ.

ಒಂದು ಫಲಾನುಭವಿಗಳ ಪಟ್ಟಿಯಲ್ಲಿ ಊರಿನ ಹೆಸರು ಎರಡೂ ರೂಪದಲ್ಲಿ ಸೇರಿಕೊಂಡಿದೆ ಅಂತಿಟ್ಟುಕೊಳ್ಳಿ. ಬೇವೂರು ಅಂತ ಹುಡುಕಿದರೆ ಅರ್ಧ ಜನ ಮಾತ್ರ ಬರುತ್ತಾರೆ. ಉಳಿದರ್ಧ ಜನರಿಗೆ ಕೌಂಟರಿನಲ್ಲಿ ಕೇಳಿಸೋದು ‘ನಿಮ್ಮ ಹೆಸರು ಲಿಸ್ಟಿನಲ್ಲಿ ಇಲ್ರಿ’ ಅನ್ನೋ ಮಾತು. ಡಿಕೋಡ್ ಸೈಟು ಒಳ್ಳೆಯದಿದ್ದರೆ ಇಂಥ ಜಾಗದಲ್ಲಿ ‘ಇದು ಒಡೆದ ರೂಪ’ ಅಂತ ಒಂದು ಸಣ್ಣ ಗುರುತು ತೋರಿಸಬೇಕು. ನಾನು ಬಳಸಿರೋ ಸೈಟುಗಳಲ್ಲಿ ಯಾವುದೂ ತಾನಾಗಿ ತೋರಿಸಲಿಲ್ಲ. ಬಾಗಲಕೋಟೆ ತಾಲ್ಲೂಕಿನಲ್ಲೂ ಒಂದು ಬೇವೂರಿದೆ, ಅದರ ಗೊಂದಲ ಬೇರೆ. ಅದನ್ನು ಯಾವ ಸೈಟೂ ಬಗೆಹರಿಸೋಕೆ ಆಗಲ್ಲ, ಬಿಡಿ.

ಅಂಕಿಗಳ ವಿಷಯದಲ್ಲೂ ಇದೇ ಕಥೆ. 12345678901234567 ಅನ್ನೋ 17 ಅಂಕಿಯ ಸಂಖ್ಯೆಯನ್ನು ಜೇಸನ್ ಒಳಗೆ ಹಾಕಿ, ‘ಚೆಂದ ಮಾಡು’ ಅನ್ನೋ ಬಟನ್ ಒತ್ತಿ. ಬಹಳ ಕಡೆ ಕೊನೆಯ 7 ಹೋಗಿ 8 ಆಗಿರುತ್ತದೆ. ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆ 9007199254740991ರ ತನಕ ಮಾತ್ರ ಪ್ರತಿ ಪೂರ್ಣಾಂಕವನ್ನೂ ನಂಬಿಕೆಯಿಂದ ಹಿಡಿಯಬಲ್ಲದು, ಅದರಾಚೆ ಹತ್ತಿರದ ಸಂಖ್ಯೆಗೆ ಜಾರುತ್ತದೆ. ಟ್ವಿಟರ್ 2010ರಲ್ಲಿ ಪ್ರತಿ ಟ್ವೀಟಿನ ಗುರುತುಸಂಖ್ಯೆಯನ್ನು ಸಂಖ್ಯೆಯಾಗಿಯೂ ಅಕ್ಷರಸಾಲಾಗಿಯೂ ಎರಡು ಸಲ ಕಳಿಸೋಕೆ ಶುರುಮಾಡಿದ್ದು ಇದೇ ಕಾರಣಕ್ಕೆ. ಚೆಂದ ಮಾಡ್ತೀನಿ ಅಂತ ಬಂದವನು ಬಣ್ಣ ಬಳಿಯೋದರ ಜೊತೆಗೆ ಮನೆ ನಂಬರೂ ಬದಲಾಯಿಸಿ ಹೋದರೆ ಹೇಗಿರುತ್ತದೆ? ಆ 17 ಅಂಕಿ ಯಾರದೋ ವಹಿವಾಟಿನ ಸಂಖ್ಯೆಯಾಗಿದ್ದರೆ, ನೀವು ಇಡೀ ರಾತ್ರಿ ಇಲ್ಲದ ವಹಿವಾಟನ್ನು ಹುಡುಕ್ತಾ ಕೂತಿರ್ತೀರಿ.

ಎರಡನೇ ಪ್ರಶ್ನೆಗೆ ಬರೋಣ: ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನೋ ಪ್ರಾಮಾಣಿಕತೆ. ಪ್ರೋಟೋಬಫ್ ಸರದಲ್ಲಿ ಹೆಸರುಗಳೇ ಇರಲ್ಲ. ‘ಊರು: ಬೇವೂರು’ ಅಂತ ಇರೋ ಬದಲು ‘3ನೇ ಮನೆ: ಇಷ್ಟು ಬೈಟ್’ ಅಂತ ಇರುತ್ತದೆ. 3ನೇ ಮನೆ ಅಂದ್ರೆ ಊರು ಅನ್ನೋ ನಕ್ಷೆ ಬೇರೆ ಫೈಲಿನಲ್ಲಿ, ಬೇರೆಯವರ ಹತ್ತಿರ ಇರುತ್ತದೆ. ನಕ್ಷೆ ಇಲ್ಲದೆ ಬಿಡಿಸೋ ಸೈಟು ಊಹೆ ಮಾಡಲೇಬೇಕು. ಮನೆಯೊಳಗೆ ಇರೋದು ಬರೀ ಅಕ್ಷರವಾ, ಚಿತ್ರವಾ, ಇಲ್ಲಾ ಇನ್ನೊಂದು ಪುಟ್ಟ ಸರವಾ? ಇಲ್ಲೊಂದು ತಮಾಷೆ. ಇಂಗ್ಲಿಷಿನಲ್ಲಿ ಎರಡಕ್ಷರದ ‘ಹಾಯ್’, ಮೊದಲನೆಯದು ದೊಡ್ಡಕ್ಷರ, ಅಂತ ಒಂದು ಮನೆಯಲ್ಲಿ ಇಟ್ಟರೆ ಕಚ್ಚಾ ಡಿಕೋಡರ್ ಅದನ್ನು ಒಳಸರ ಅಂದುಕೊಂಡು ‘9ನೇ ಮನೆ: 105’ ಅಂತ ಓದುತ್ತದೆ. ಆ ಎರಡು ಬೈಟುಗಳು ಆ ಅರ್ಥಕ್ಕೂ ಸರಿಯಾಗೇ ಹೊಂದುತ್ತವೆ. ಬೇವೂರಿಗೆ ಮಾತ್ರ ಈ ಅಪಾಯ ಇಲ್ಲ. ಕನ್ನಡದ ಬೈಟುಗಳೆಲ್ಲವೂ 127ಕ್ಕಿಂತ ದೊಡ್ಡವು; ಪ್ರೋಟೋಬಫ್ ಲೆಕ್ಕದಲ್ಲಿ ಅಂಥ ಬೈಟು ಅಂದ್ರೆ ‘ಇನ್ನೂ ಮುಗಿದಿಲ್ಲ, ಮುಂದೆ ಓದು’ ಅಂತ. ಓದುತ್ತಾ ಹೋದರೆ ಮುಗಿಯೋದೇ ಇಲ್ಲ, ಹಾಗಾಗಿ ಅದು ಒಳಸರ ಆಗಿರೋಕೆ ಸಾಧ್ಯವಿಲ್ಲ ಅಂತ ಡಿಕೋಡರ್ ಕೈಬಿಡುತ್ತದೆ. ಅಪರೂಪಕ್ಕೆ ಕನ್ನಡವಾಗಿದ್ದೇ ಕಾಪಾಡೋದು ಅಂದ್ರೆ ಇದು.

ಊಹೆ ಮಾಡೋದು ತಪ್ಪಲ್ಲ. ನಮ್ಮ ಜಿಲ್ಲೆಯ ಉದಾಹರಣೆಯನ್ನೇ ಕೊಡ್ತೀನಿ. ಕೊಪ್ಪಳದ ಗವಿಮಠದ ಬಂಡೆಯ ಮೇಲೆ, ಪಾಲ್ಕಿಗುಂಡಿನ ಮೇಲೆ ಅಶೋಕನ ಶಾಸನಗಳಿವೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಎರಡು ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಕೊರೆದ ಅಕ್ಷರ ಅಲ್ಲೇ ಇತ್ತು, ಓದೋ ನಕ್ಷೆ ಕಳೆದುಹೋಗಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಬಿಡಿಸಿದ. ಅಕ್ಷರ ಓದೋಕೆ ಬಂತು, ‘ದೇವಾನಾಂಪ್ರಿಯ ಪ್ರಿಯದರ್ಶಿ’ ಅನ್ನೋ ಬಿರುದೂ ಸಿಕ್ಕಿತು. ಆದರೆ ಅದು ಯಾರು? ಪ್ರಿನ್ಸೆಪ್ ಮೊದಲು ಸಿಂಹಳದ ರಾಜ ಇರಬಹುದು ಅಂದುಕೊಂಡ. ಪಾಲಿ ಗ್ರಂಥಗಳ ಆಧಾರ ಸಿಕ್ಕ ಮೇಲೆ ಅದು ತಿದ್ದುಪಡಿಯಾಯಿತು. ಶಾಸನದೊಳಗೇ ‘ಅಶೋಕ’ ಅನ್ನೋ ಹೆಸರು ಕಂಡು ಊಹೆಗೆ ಗಟ್ಟಿ ಸಾಕ್ಷಿ ದೊರಕಿದ್ದು 1915ರಲ್ಲಿ, ನಮ್ಮ ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಅಕ್ಷರ ಬಿಡಿಸೋದು ಒಂದು ಕೆಲಸ, ಯಾವ ಮನೆಯಲ್ಲಿ ಯಾರಿದ್ದಾರೆ ಅಂತ ತಿಳಿಯೋದು ಬೇರೆ ಕೆಲಸ. ಮೊದಲನೆಯದಾದ ಮೇಲೆ ಎರಡನೆಯದಕ್ಕೆ ಹೆಚ್ಚೂಕಡಿಮೆ ಎಂಬತ್ತು ವರ್ಷ ಬೇಕಾಯಿತು. ಆ ನಡುವೆ ಊಹೆಯನ್ನು ಊಹೆ ಅಂತಲೇ ಬರೆದಿಟ್ಟಿದ್ದರಿಂದ ಆಮೇಲೆ ಬಂದವರು ತಿದ್ದೋಕೆ ಆಯಿತು.

ನಮ್ಮ ಸೈಟುಗಳು ಈ ವಿಷಯದಲ್ಲಿ ಎಡವುತ್ತವೆ. ಊಹಿಸಿದ್ದನ್ನೂ ಖಚಿತವಾಗಿ ಗೊತ್ತಿರೋದನ್ನೂ ಒಂದೇ ಹಸಿರು ಬಣ್ಣದಲ್ಲಿ, ಒಂದೇ ಗತ್ತಿನಲ್ಲಿ ತೋರಿಸುತ್ತವೆ. ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕೋಕೆ ಏನು ಖರ್ಚು?

ಕನ್ನಡದವರಿಗೆ ಈ ಕಳೆದುಹೋದ ನಕ್ಷೆಯ ಕಷ್ಟ ಹೊಸದೂ ಅಲ್ಲ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಆದರೂ ಡಿಟಿಪಿ ಅಂಗಡಿಗಳಲ್ಲಿ, ಕಚೇರಿಗಳಲ್ಲಿ, ಪ್ರೆಸ್ಸುಗಳಲ್ಲಿ ನುಡಿ, ಬರಹ ಅಂತ ಫಾಂಟುಗಳ ಮೇಲೆ ನಿಂತ ಬರವಣಿಗೆ ವರ್ಷಾನುಗಟ್ಟಲೆ ನಡೆಯಿತು. ಆ ಫೈಲುಗಳ ಒಳಗೆ ಇರೋದು ಇಂಗ್ಲಿಷ್ ಅಕ್ಷರಗಳ ಸಂಕೇತ. ಫಾಂಟು ಹಾಕಿದಾಗ ಮಾತ್ರ ಅದು ಕನ್ನಡದ ಆಕಾರ ತೊಡುತ್ತದೆ. ಅಂದರೆ ಫಾಂಟೇ ನಕ್ಷೆ. ಫಾಂಟು ಹೋಯಿತೋ, ಅಜ್ಜನ ಆತ್ಮಕಥೆಯೂ ಊರಿನ ಜಾತ್ರೆಯ ಕರಪತ್ರವೂ ಕೀಲಿಮಣೆಯ ಮೇಲೆ ಬೆಕ್ಕು ನಡೆದ ಹಾಗೆ ಕಾಣುತ್ತವೆ.

ಇದನ್ನು ಬಿಡಿಸೋಕೆ ಅರವಿಂದ ವಿ.ಕೆ. ಅವರು ಬರೆದ ಆಸ್ಕಿಯಿಂದ ಯೂನಿಕೋಡಿಗೆ ಬದಲಾಯಿಸೋ ಪರಿವರ್ತಕವನ್ನು ಕನ್ನಡದಲ್ಲಿ ಕೆಲಸ ಮಾಡೋ ಬಹಳ ಜನ ಬಳಸಿರ್ತೀರಿ. ನನ್ನ ದೃಷ್ಟಿಯಲ್ಲಿ ಈ ಬಗೆಯ ಸಲಕರಣೆಗಳಲ್ಲಿ ಮೆಚ್ಚಿ ಬರೆಯಬೇಕಾದ ಕೆಲಸ ಅದು. ಕೋಡು ಮುಕ್ತವಾಗಿದೆ, ಯಾವ ಅಕ್ಷರ ಯಾವುದಾಗುತ್ತದೆ ಅನ್ನೋ ಪಟ್ಟಿಯನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಕೆಲಸವೂ ಬರೀ ಪಟ್ಟಿ ನೋಡಿ ಬದಲಾಯಿಸೋದಲ್ಲ. ‘ಕರ್ಮ’ ಅನ್ನೋ ಪದ ತಗೊಳ್ಳಿ. ಹಳೇ ಫಾಂಟಿನ ಫೈಲಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣೋ ಕ್ರಮದಲ್ಲಿ, ಅಂದರೆ ‘ಮ’ ಆದ ಮೇಲೆ ಬರುತ್ತದೆ. ಯೂನಿಕೋಡಿನಲ್ಲಿ ಬಾಯಲ್ಲಿ ಹೇಳೋ ಕ್ರಮ, ಅಂದರೆ ‘ರ್’ ಮೊದಲು, ‘ಮ’ ಆಮೇಲೆ. ಪರಿವರ್ತಕ ಹಿಂದಕ್ಕೆ ಹೋಗಿ ಸರಿಯಾದ ಜಾಗ ಹುಡುಕಿ ‘ರ್’ ಅನ್ನು ಕೂರಿಸಬೇಕು. ಕನ್ನಡ ಗೊತ್ತಿರೋರು ಮಾತ್ರ ಬರೆಯಬಹುದಾದ ಕೋಡು ಇದು. ಮಿತಿಯೂ ಇದೆ. ಲೆಟರ್‌ಹೆಡ್ಡಿನ ಇಂಗ್ಲಿಷ್ ಈಮೇಲ್ ವಿಳಾಸ ಜೊತೆಗಿದ್ದರೆ ಅದೂ ಕನ್ನಡದ ಕಲಸುಮೇಲೋಗರ ಆಗುತ್ತದೆ, ಯಾಕಂದ್ರೆ ಒಳಗಿನ ಸಂಕೇತ ಎರಡಕ್ಕೂ ಒಂದೇ. ಇದು ಬರೆದವರ ತಪ್ಪಲ್ಲ, ನಕ್ಷೆಯೇ ಕೊಡದ ಮಾಹಿತಿ. ಬಳಸೋರು ಕೊನೆಗೊಮ್ಮೆ ಕಣ್ಣಾಡಿಸಲೇಬೇಕು.

ಈಗ ಮೂರನೇ ಪ್ರಶ್ನೆ. ಬಿಡಿಸೋ ಕೆಲಸ ನಡೆಯೋದು ಎಲ್ಲಿ? ನಿಮ್ಮ ಲ್ಯಾಪ್‌ಟಾಪಿನಲ್ಲೋ, ಗುರುತಿಲ್ಲದವರ ಸರ್ವರಿನಲ್ಲೋ? ಈ ಬರಹ ಬರೆಯೋಕೆ ಕೂತಿದ್ದೇ ಈ ಪ್ರಶ್ನೆಗಾಗಿ.

2025ರ ನವೆಂಬರಿನಲ್ಲಿ ವಾಚ್‌ಟವರ್ ಅನ್ನೋ ಭದ್ರತಾ ಸಂಸ್ಥೆಯ ಸಂಶೋಧಕರು ಒಂದು ವರದಿ ಹೊರತಂದರು. ಜೇಸನ್‌ಫಾರ್ಮ್ಯಾಟರ್, ಕೋಡ್‌ಬ್ಯೂಟಿಫೈ ಅನ್ನೋ ಎರಡು ಜನಪ್ರಿಯ ಸೈಟುಗಳಲ್ಲಿ ‘ಸೇವ್’ ಅಂತ ಒಂದು ಬಟನ್ನಿತ್ತು. ಒತ್ತಿದರೆ ನಿಮ್ಮ ಮಾಹಿತಿಗೆ ಒಂದು ಲಿಂಕ್ ಸಿಗುತ್ತದೆ, ಗೆಳೆಯರಿಗೆ ಕಳಿಸಬಹುದು. ಅನುಕೂಲವೇ. ಆದರೆ ಹಾಗೆ ಉಳಿಸಿದ ಇತ್ತೀಚಿನ ಲಿಂಕುಗಳ ಪಟ್ಟಿಯೂ ಅದೇ ಸೈಟಿನಲ್ಲಿ, ಯಾರು ಬೇಕಾದರೂ ನೋಡೋ ಹಾಗೆ ಇತ್ತು. ಸಂಶೋಧಕರು ಆ ದಾರಿ ಹಿಡಿದು ಹೋಗಿ 80,000ಕ್ಕೂ ಹೆಚ್ಚು ದಾಖಲೆಗಳನ್ನು ಒಟ್ಟುಮಾಡಿದರು. ಪಾಸ್‌ವರ್ಡುಗಳು, ಕ್ಲೌಡಿನ ಕೀಲಿಗಳು, ಜನರ ಖಾಸಗಿ ವಿವರಗಳು. ಕಳೆದುಕೊಂಡವರಲ್ಲಿ ಸರ್ಕಾರ, ಬ್ಯಾಂಕ್, ಆರೋಗ್ಯ ಕ್ಷೇತ್ರದ ಸಂಸ್ಥೆಗಳೂ ಇದ್ದವು. ಆಮೇಲೆ ಅವರು ಒಂದು ಬಲೆ ಹಾಕಿದರು. ನಕಲಿ ಕೀಲಿಗಳನ್ನು ಸೈಟಿನಲ್ಲಿ ಉಳಿಸಿ, ಲಿಂಕಿಗೆ 24 ಗಂಟೆ ಆಯಸ್ಸು ಕೊಟ್ಟರು. 48 ಗಂಟೆಯ ಮೇಲೆ ಯಾರೋ ಆ ಕೀಲಿ ಹಾಕಿ ಬಾಗಿಲು ತೆರೆಯೋಕೆ ನೋಡಿದರು. ಲಿಂಕು ಸತ್ತ ಮೇಲೂ ಅದರೊಳಗಿನದು ಯಾರದೋ ಕೈಯಲ್ಲಿ ಬದುಕಿತ್ತು ಅಂತಾಯಿತು.

‘ನಾನು ಸೇವ್ ಒತ್ತಲ್ವಲ್ಲ’ ಅಂತೀರಿ. ಸರಿ. ಆದರೆ ಒತ್ತದಿದ್ದರೂ ಆ ಮಾಹಿತಿ ಸರ್ವರಿಗೆ ಹೋಯಿತಾ ಇಲ್ಲವಾ ಅಂತ ನಿಮಗೆ ಹೇಳಿದವರು ಯಾರು?

ನನ್ನ ಕಾಕಾ ಒಬ್ಬರಿದ್ದಾರೆ, ಬೇವೂರಿನಲ್ಲೇ ಹೊಲ ಮಾಡ್ತಾರೆ. ಪಹಣಿ, ಆಧಾರ್, ಪಾಸ್‌ಬುಕ್ ಝೆರಾಕ್ಸ್ ಮಾಡಿಸೋಕೆ ಹುಡುಗರನ್ನು ಕಳಿಸುವಾಗ ಅವರದು ಖಾಯಂ ಮಾತು: “ಅಸಲು ಎಣಿಸ್ಕೊಂಡು ತಗೋ ತಮ್ಮಾ. ಕೆಟ್ಟ ಬಂದಿರೋ ಕಾಪೀನೂ ಬಿಟ್ಟು ಬರಬ್ಯಾಡ, ಇಸ್ಕೊಂಡು ಬಾ.” ಕೆಟ್ಟ ಕಾಪಿ ಯಾಕೆ ಬೇಕು? ಮರುದಿನ ಅದರಲ್ಲೇ ಮಿರ್ಚಿ ಕಟ್ಟಿಕೊಡ್ತಾರೆ ಅಂತ ಅವರಿಗೆ ಗೊತ್ತು. ಒಂದು ಹಾಳೆಗೆ ಕೊಡೋ ಎಚ್ಚರವನ್ನು, ಸಾವಿರ ಜನರ ಮಾಹಿತಿ ಇರೋ ಜೇಸನ್ ಸರಕ್ಕೆ ನಾವು ಕೊಡ್ತಿಲ್ಲ.

ಯಾಕಂದ್ರೆ ಅದು ನಮ್ಮ ಮಾಹಿತಿ ಅಲ್ಲ. ವಿಷಯದ ಬೇರು ಇಲ್ಲಿದೆ. ಬೆಳೆವಿಮೆಯದ್ದೋ ಪಿಂಚಣಿಯದ್ದೋ ಒಂದು ಆ್ಯಪಿನಲ್ಲಿ ದೋಷ ಬಂತು ಅಂದುಕೊಳ್ಳಿ. ಮಾನ್ಯತಾ ಟೆಕ್ ಪಾರ್ಕಿನಲ್ಲೋ ವೈಟ್‌ಫೀಲ್ಡಿನಲ್ಲೋ ಕೂತ ಇಂಜಿನಿಯರು ಸರ್ವರಿನ ಉತ್ತರವನ್ನು ಇಡಿಯಾಗಿ ಎತ್ತಿ ಡಿಕೋಡ್ ಸೈಟಿಗೆ ಸುರೀತಾರೆ. ಅದರೊಳಗೆ ಒಬ್ಬ ರೈತನ ಹೆಸರು, ಫೋನ್ ನಂಬರು, ಖಾತೆ ಸಂಖ್ಯೆ, ಸರ್ವೆ ನಂಬರು ಇರುತ್ತವೆ. ಆ ಮನುಷ್ಯ ಆ ಸೈಟನ್ನು ನೋಡಿಲ್ಲ, ಅದರ ಹೆಸರೂ ಕೇಳಿಲ್ಲ. ಅವರು ಹೆಬ್ಬೆಟ್ಟು ಒತ್ತಿದ್ದು ವಿಮೆಗೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲಭಾವನೆಯೇ ಒಪ್ಪಿಗೆ ಯಾವ ಉದ್ದೇಶಕ್ಕೆ ಕೊಟ್ಟಿದ್ದೋ ಅದಕ್ಕೆ ಮಾತ್ರ ಅನ್ನೋದು. ನಾವು ಮೂರು ಸೆಕೆಂಡು ಉಳಿಸೋಕೆ ಅವರ ಒಪ್ಪಿಗೆಯನ್ನು ಇನ್ನೊಂದು ದೇಶದ ಸರ್ವರಿಗೆ ದಾಟಿಸಿಬಿಡ್ತೀವಿ.

‘ಬೇಸ್64 ಮಾಡಿದ್ದೆ, ಯಾರಿಗೂ ಗೊತ್ತಾಗಲ್ಲ’ ಅಂತ ಹೇಳಿದವರನ್ನೂ ನಾನು ನೋಡಿದ್ದೀನಿ. ಎನ್‌ಕೋಡ್ ಮಾಡೋದಕ್ಕೂ ಬೀಗ ಹಾಕೋದಕ್ಕೂ ಸಂಬಂಧ ಇಲ್ಲ. ಬೇಸ್64 ಅನ್ನೋದು ಬರೀ ಚೀಲ, ಗಂಟು ಬಿಚ್ಚೋಕೆ ಯಾವ ಕೀಲಿಯೂ ಬೇಡ. ಲಾಗಿನ್ ಆದಾಗ ಸಿಗೋ ಜೆಡಬ್ಲ್ಯೂಟಿ ಟೋಕನ್ನಿನದ್ದೂ ಸಾಮಾನ್ಯವಾಗಿ ಇದೇ ಕಥೆ. ಅದರ ಕೊನೆಯ ಸಹಿ ‘ಇದನ್ನು ಯಾರೂ ತಿದ್ದಿಲ್ಲ’ ಅಂತ ಹೇಳುತ್ತದೆಯೇ ಹೊರತು ‘ಯಾರೂ ಓದಿಲ್ಲ’ ಅನ್ನಲ್ಲ. ಜೊತೆಗೆ, ಆ ಟೋಕನ್ನಿನ ಅವಧಿ ಮುಗಿಯೋವರೆಗೆ ಅದು ಸಿಕ್ಕವರು ನೀವಾಗಿಯೇ ಒಳಗೆ ಹೋಗಬಹುದು.

ಹಾಗಾದ್ರೆ ಒಳ್ಳೇ ಸೈಟು ಅನ್ನೋದೇ ಇಲ್ವಾ? ಇದೆ, ಮತ್ತು ಅದರ ಮೂಲ ಕೇಳಿದರೆ ನಗು ಬರುತ್ತದೆ. ಸೈಬರ್‌ಶೆಫ್. ಕಟ್ಟಿದ್ದು ಬ್ರಿಟನ್ನಿನ ಗೂಢಚಾರ ಸಂಸ್ಥೆ ಜಿಸಿಎಚ್‌ಕ್ಯೂ, 2016ರಲ್ಲಿ ಕೋಡನ್ನು ಎಲ್ಲರಿಗೂ ತೆರೆದಿಟ್ಟಿತು. ಊರವರ ಫೋನು ಕದ್ದು ಕೇಳೋ ಕಸುಬಿನವರೇ, ನೀವು ಸುರಿದಿದ್ದು ನಿಮ್ಮ ಬ್ರೌಸರಿನಿಂದ ಆಚೆ ಹೋಗದಂಥ ಸಲಕರಣೆ ಮಾಡಿಕೊಟ್ಟಿದ್ದಾರೆ. ಬಹುಶಃ ಕೇಳಿಸಿಕೊಳ್ಳೋದು ಎಷ್ಟು ಸುಲಭ ಅಂತ ಅವರಿಗೇ ಚೆನ್ನಾಗಿ ಗೊತ್ತು! ಇಡೀ ಸಲಕರಣೆಯನ್ನು ಇಳಿಸಿಕೊಂಡು ನೆಟ್ ಇಲ್ಲದೆಯೂ ಓಡಿಸಬಹುದು. ಅಡುಗೆಮನೆಯ ಭಾಷೆ ಅದರದು: ಒಂದೊಂದು ಕೆಲಸವನ್ನೂ ಸಾಲಾಗಿ ಜೋಡಿಸಿದರೆ ಒಂದು ‘ರೆಸಿಪಿ’. ಮೊದಲು ಬೇಸ್64 ಬಿಡಿಸು, ಆಮೇಲೆ ಕುಗ್ಗಿಸಿದ್ದನ್ನು ಹಿಗ್ಗಿಸು, ಆಮೇಲೆ ಪ್ರೋಟೋಬಫ್ ಬಿಡಿಸು. ಪ್ರತಿ ಹೆಜ್ಜೆಯೂ ಕಣ್ಣೆದುರಿಗೆ ಇರೋದರಿಂದ ಎಲ್ಲಿ ಕೆಟ್ಟಿತು ಅಂತ ಗೊತ್ತಾಗುತ್ತದೆ.

ಅದಕ್ಕೂ ಪೂರ್ತಿ ಅಂಕ ಕೊಡಲ್ಲ. ಮೊದಲ ಸಲ ತೆರೆದರೆ ಮದುವೆ ಮನೆಯ ಉಗ್ರಾಣಕ್ಕೆ ಹೋದ ಹಾಗಿರುತ್ತದೆ, ಎಲ್ಲಾ ಇದೆ, ಬೇಕಾಗಿದ್ದು ಸಿಗಲ್ಲ. ಇನ್ನೊಂದು, ನೀವು ಹಾಕಿದ ರೆಸಿಪಿ ಮತ್ತು ಮಾಹಿತಿ ಎರಡೂ ಬ್ರೌಸರಿನ ವಿಳಾಸಪಟ್ಟಿಯಲ್ಲಿ, ಹ್ಯಾಶ್ ಚಿಹ್ನೆಯ ಆಚೆಗೆ ಬಂದು ಕೂರುತ್ತವೆ. ಆ ಭಾಗ ಸರ್ವರಿಗೆ ಹೋಗಲ್ಲ, ನಿಜ. ಆದರೆ ‘ನೋಡು, ಹೀಗ್ ಮಾಡು’ ಅಂತ ಆ ವಿಳಾಸವನ್ನು ಆಫೀಸಿನ ಗ್ರೂಪಿಗೆ ಅಂಟಿಸಿದರೆ ರೆಸಿಪಿಯ ಜೊತೆ ಊಟವನ್ನೂ ಕಳಿಸಿದ ಹಾಗೆ.

ಯಾವ ಸೈಟಾದರೂ ಸರಿ, ಒಂದು ಸುಲಭದ ಪರೀಕ್ಷೆ ಇದೆ. ಪುಟ ಪೂರ್ತಿ ತೆರೆದುಕೊಂಡ ಮೇಲೆ ವೈಫೈ ಆಫ್ ಮಾಡಿ. ಈಗ ‘ಬೇವೂರು’ ಹಾಕಿ ಬಟನ್ ಒತ್ತಿ. ಬಿಡಿಸಿತು ಅಂದ್ರೆ ಕೆಲಸ ನಿಮ್ಮ ಯಂತ್ರದಲ್ಲೇ ಆಗ್ತಿದೆ. ಸುಮ್ಮನೆ ಗಿರಕಿ ಹೊಡೆಯುತ್ತಾ ಕೂತರೆ ಅದು ಸರ್ವರಿಗಾಗಿ ಕಾಯ್ತಿದೆ. ಅಲ್ಲಿಗೆ ನಿಮ್ಮ ಕಚೇರಿಯ ಯಾವ ಮಾಹಿತಿಯನ್ನೂ ಹಾಕಬೇಡಿ. ಈ ಪರೀಕ್ಷೆ ಪಾಸಾದ ಮಾತ್ರಕ್ಕೆ ಪೂರ್ತಿ ನಂಬಬೇಕಿಲ್ಲ, ನೆಟ್ ಬಂದ ಮೇಲೆ ಕಳಿಸೋ ಕಿಲಾಡಿಗಳೂ ಇರಬಹುದು. ಆದರೆ ಫೇಲಾದವರನ್ನಂತೂ ತಕ್ಷಣ ಕೈಬಿಡಬಹುದು. ಜೇಸನ್ ಚೆಂದ ಮಾಡೋದು ಅಷ್ಟೇ ಬೇಕಾಗಿದ್ದರೆ, ನೀವು ಕೋಡ್ ಬರೆಯೋ ಎಡಿಟರಿನಲ್ಲೇ ಆ ಸೌಲಭ್ಯ ಇರುತ್ತದೆ, ಹೊರಗೆ ಹೋಗೋದೇ ಬೇಡ. ಹೋಗಲೇಬೇಕಾದರೆ ಹೆಸರು, ನಂಬರು, ಟೋಕನ್ನುಗಳನ್ನು ಸುಳ್ಳು ಮಾಡಿಕೊಂಡು ಹೋಗಿ.

ಇಂಥ ಸಲಕರಣೆ ಕಟ್ಟೋ ಗೆಳೆಯ-ಗೆಳತಿಯರು ನಮ್ಮಲ್ಲೇ ಬಹಳ ಜನ ಇದ್ದೀರಿ, ವಾರಾಂತ್ಯದ ಪ್ರಾಜೆಕ್ಟು ಅಂತ. ನಿಮಗೆ ಮೂರು ಕೋರಿಕೆ. ಊಹೆಯ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಸೇವ್ ಬಟನ್ ಇಡಲೇಬೇಡಿ. ಮತ್ತು ಚೌಕದೊಳಗೆ ಮಾದರಿಗೆ ಅಂತ ತುಂಬಿಸ್ತೀರಲ್ಲ, ಆ ಇಂಗ್ಲಿಷಿನ ‘ಹಲೋ ವರ್ಲ್ಡ್’, ಅದರ ಪಕ್ಕ ಒಂದು ಊರಿನ ಹೆಸರನ್ನೂ ಹಾಕಿ. ನಿಮ್ಮೂರಾದರೂ ಆಗಲಿ, ಏತ್ವವೋ ಓತ್ವವೋ ಐತ್ವವೋ ಇರೋ ಹೆಸರಾಗಿರಲಿ. ಸಿಗದಿದ್ದರೆ ಬೇವೂರನ್ನೇ ತಗೊಳ್ಳಿ, 18 ಬೈಟ್ ಅಷ್ಟೇ.